ಬೈಯಲು ಒಬ್ಬ ವಿಲನ್

ಹೆದ್ದಾರಿಯಲ್ಲಿ ಲಾರಿ ಹತ್ತಿಸಿ ಕೊಲ್ಲುವ ವಿಲನ್‌ಗಳ ಸಿನಿಮಾ ಎಂದರೆ ನನ್ನ ಗಂಡನಿಗೆ ಪಂಚಪ್ರಾಣ. ಗಂಗಾವತಿಯ ಟಾಕೀಸಿನಲ್ಲಿ ನಾನು ಹೆದರಿ ಕಣ್ಣು ಮುಚ್ಚಿಕೊಂಡರೆ, "ನೋಡ ಇಲ್ಲೆ, ವಿಲನ್ ಎಷ್ಟ್ ಛಲೋ ಅದಾನ!" ಎಂದು ನಗುತ್ತಿದ್ದರು.

ಅವರನ್ನು ಯಾವ ಲಾರಿಯೂ ಅಟ್ಟಿಸಿಕೊಂಡು ಬರಲಿಲ್ಲ. ಕುಷ್ಟಗಿ ರಸ್ತೆಯಲ್ಲಿ, ವಾಹನಗಳ ಗಾಲಿಗೆ ಸಿಕ್ಕಿ ಕಾಳು ಉದುರಲೆಂದು ಹರವಿದ್ದ ಹುರುಳಿಯ ಮೇಲೆ ಬೈಕು ಜಾರಿತು, ಅಷ್ಟೇ. ನಾನು ಓಡಿಹೋದಾಗ ಹುರುಳಿ ಹರವಿದ್ದ ಮುದುಕಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಯಪ್ಪಾ, ಕಣ್ ತೆರಿಯೋ" ಎಂದು ಅಳುತ್ತಿದ್ದಳು. ಅವಳನ್ನು ಏನೆಂದು ಬೈಯಲಿ? ಹಿಂದಿನ ವಾರ ನಮ್ಮ ಹುರುಳಿಯನ್ನು ಅದೇ ರಸ್ತೆಯಲ್ಲಿ ಹರವಿದ್ದವರು ಇವರೇ.

ಈಗ ಅಂಥ ಸಿನಿಮಾಗಳನ್ನು ಟಿವಿಯಲ್ಲಿ ಒಬ್ಬಳೇ ನೋಡುತ್ತೇನೆ. ಕಣ್ಣು ಮುಚ್ಚುವುದಿಲ್ಲ. ವಿಲನ್ ಲಾರಿಯಿಂದ ಇಳಿದ ಕೂಡಲೇ, "ಬಾರೋ ಬಾಡ್ಯಾ" ಎಂದು ಬಾಯಿ ತುಂಬ ಬೈಯುತ್ತೇನೆ. ಬೈಯಲು ನನಗಿರುವವನು ಅವನೊಬ್ಬನೇ.