ಹೆಗಲಿನಷ್ಟು ಅಗಲ

ಮಾರ್ವೆಯ ಕಡಲಿಗೆ ಫಾಯಿಲ್ ಬೋರ್ಡ್ ಕಲಿಯಲು ಹೋದಾಗ ನನಗೆ ಐವತ್ತೆರಡು. ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ಹಲಗೆಯ ಕೆಳಗೊಂದು ಕಂಬ, ಅದರ ತುದಿಗೆ ರೆಕ್ಕೆ. ದೋಣಿ ಎಳೆದರೆ ಹಲಗೆ ನೀರಿನಿಂದ ಮೇಲೆದ್ದು ಹಾರುತ್ತದೆ. ನಾನು ಮಾತ್ರ ಮೊದಲ ಮೂರು ಸಲವೂ ಬಿದ್ದೆ. ಮೂರನೆಯ ಸಲ "ಅಯ್ಯಯ್ಯೋ, ಸತ್ತೆ!" ಎಂದು ಕೂಗಿದ್ದು ಕೇಳಿ, ಅಲ್ಲಿಯವರೆಗೆ ಹಿಂದಿ ಮಾತಾಡುತ್ತಿದ್ದ ತರಬೇತುದಾರ ನಜೀರ್ ದೋಣಿಯಿಂದ ಬಗ್ಗಿದ.

"ಕನ್ನಡದವರೇನ್ರಿ ಮೇಡಂ? ನಮ್ದು ಧಾರವಾಡ. ನೀವು ಕಾಲು ಭಾಳ ಅಗಲ ಇಡಾಕತ್ತೀರಿ. ಹೆಗಲಿನಷ್ಟು ಅಗಲ ಸಾಕು."

ನಾನು ಚೆಂಬೂರಿನಲ್ಲಿ ಫಿಸಿಯೋಥೆರಪಿ ಮಾಡುವವಳು. ನನಗೇ ನಿಲ್ಲುವುದು ಹೇಳಿಕೊಡುವುದೇ? "ಕಾಲು ಅಗಲಿಸಿದ್ರೇ ಗಟ್ಟಿ ನಿಲ್ಲೋದು. ಪೇಶಂಟುಗಳಿಗೆ ದಿನಾ ಹೇಳ್ತೀನಿ," ಎಂದೆ.

"ನೆಲದ ಮ್ಯಾಲೆ ಖರೇ ಐತ್ರಿ. ಇಲ್ಲಿ ಹಂಗ ನಿಂತ್ರ ಮೊಣಕಾಲು ಬಿಗೀತಾವ, ಹಲಗಿ ಮಾತು ಕೇಳಂಗಿಲ್ಲ."

ಹಠಕ್ಕೆ ಇನ್ನೊಮ್ಮೆ ಅಗಲವಾಗಿಯೇ ನಿಂತು ಬಿದ್ದೆ. ಐದನೆಯ ಸಲ ಹಿಂದಿನ ಕಾಲನ್ನು ಒಂದು ಗೇಣು ಮುಂದೆ ತಂದು ಮೊಣಕಾಲು ಸಡಿಲಿಸಿದೆ. ಹಲಗೆಗೆ ಬಡಿಯುತ್ತಿದ್ದ ನೀರಿನ ಸದ್ದು ಒಮ್ಮೆಲೇ ನಿಂತಿತು. ನೋಡಿದರೆ ಕಡಲು ಒಂದು ಮೊಳ ಕೆಳಗಿತ್ತು! ಹತ್ತೆಣಿಸುವಷ್ಟು ಹೊತ್ತು ಹಾರಿದೆ. ಕಲಿಯುವ ವಯಸ್ಸು ಇನ್ನೂ ಮುಗಿದಿಲ್ಲ ಅನ್ನಿಸಿತು.

ದಡಕ್ಕೆ ಬಂದ ಮೇಲೆ ನಜೀರ್ ಮೆಲ್ಲಗೆ ಕೇಳಿದ: "ಮೇಡಂ, ಒಂದು ವರ್ಷದಿಂದ ಸೊಂಟ ನೋವು. ಏನ್ ಮಾಡ್ಲಿ?"

ಭಾರ ಎತ್ತುವಾಗ ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಬೇಕೆಂದು ಮಾಡಿ ತೋರಿಸಿದೆ. "ಹಂಗಲ್ರಿ ಮೇಡಂ," ಎಂದು ಅವನು ವಾದ ಶುರುಮಾಡಿದ. ನನಗೆ ಸಿಟ್ಟು ಬರಲಿಲ್ಲ. ಇನ್ನೆರಡು ಸಲ ಸೊಂಟ ಹಿಡಿದುಕೊಂಡರೆ ತಾನೇ ಒಪ್ಪುತ್ತಾನೆ.