ನಾಲ್ಕು ಓವರಿನ ಆಟ, ಹನ್ನೊಂದನೆಯ ಚೆಂಡು

ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಹೆಣ್ಣುಮಕ್ಕಳು ಕ್ರಿಕೆಟ್ ಆಡಿದ ಕಥೆಯನ್ನು ಯಾರಾದರೂ ಬರೆಯಲು ಕುಳಿತರೆ, ಮೊದಲ ಪುಟದಲ್ಲಿಯೇ ಶ್ರೀಮತಿ ಯಶೋಧರಾ ಅವರ ಹೆಸರನ್ನು ಬರೆಯದೆ ಮುಂದೆ ಹೋಗುವಂತಿಲ್ಲ. ಚುಟುಕು ಕ್ರಿಕೆಟ್ಟಿನಿಂದ ಆಟ ಬೆಳೆಯಿತೇ ಕೆಟ್ಟಿತೇ ಎಂದು ಬಲ್ಲವರು ಪತ್ರಿಕೆಗಳಲ್ಲಿಯೂ ಉಳಿದವರು ಹೋಟೆಲಿನ ಬೆಂಚುಗಳ ಮೇಲೂ ವಾದಿಸುತ್ತಿರುವ ಈ ದಿನಗಳಲ್ಲಿ, ಆ ಪ್ರಶ್ನೆಗೆ ಎರಡು ಬಾರಿ ಎರಡು ಬಗೆಯ ಉತ್ತರ ಕೊಟ್ಟು, ಎರಡಕ್ಕೂ ತಾವೇ ಬೆವರು ಸುರಿಸಿದವರು ಅವರು. ಮೂವತ್ತಮೂರು ವರ್ಷಗಳ ಕಾಲ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿ ಸೇವೆ ಸಲ್ಲಿಸಿ, ಕಳೆದ ಜುಲೈ ಕೊನೆಯ ದಿನ ಶಿವನಿಯ ಶಾಲೆಯಿಂದ ನಿವೃತ್ತರಾದ ಈ ಹಿರಿಯರಿಗೆ ಅಭಿನಂದನಾ ಸಂಪುಟವೊಂದನ್ನು ಅರ್ಪಿಸುವಾಗ, ಹೊಗಳಿಕೆಗಿಂತ ನಡೆದದ್ದನ್ನು ನಡೆದಂತೆ ಹೇಳುವುದೇ ಅವರಿಗೆ ಹೆಚ್ಚು ಇಷ್ಟವಾದೀತು.

ಪುಟ್ಟಯ್ಯ ಮತ್ತು ತಿಪ್ಪಮ್ಮ ದಂಪತಿಗಳ ಮೂರನೆಯ ಮಗಳು ಯಶೋಧರಾ. ತಂದೆ ತಾರುಣ್ಯದಲ್ಲಿಯೇ ಬುದ್ಧನ ಮಾತಿಗೆ ಮನಸೋತವರು. ಮಗಳಿಗೆ ಆ ಹೆಸರಿಟ್ಟು, ಕೂಲಿ ಮಾಡಿಯೇ ಕಾಲೇಜಿನವರೆಗೂ ಓದಿಸಿದರು. ಇಪ್ಪತ್ತೇಳನೆಯ ವಯಸ್ಸಿನಲ್ಲಿ ಯಗಟಿಯ ಶಾಲೆಗೆ ಬಂದು ಹಾಜರಾದಾಗ ಆಕೆಗೆ ಸಿಕ್ಕಿದ ಸಾಮಾನು ಎರಡು ಥ್ರೋಬಾಲು, ಒಂದು ಹರಿದ ನೆಟ್ಟು. ಕ್ರಿಕೆಟ್ಟಿನ ಸಾಮಾನು ಹುಡುಗರದು. ಭಾನುವಾರ ಬೆಳಿಗ್ಗೆ ಇಳಿದರೆ ಸಂಜೆ ಕತ್ತಲಾಗುವವರೆಗೂ ಅವರ ಪಂದ್ಯ ಮುಗಿಯುತ್ತಿರಲಿಲ್ಲ. ಬೇಲಿಯ ಆಚೆ ನಿಂತು ನೋಡುವುದೇ ಹುಡುಗಿಯರ ಪಾಲು.

ಒಂದು ದಿನ ಒಂಬತ್ತನೆಯ ತರಗತಿಯ ತ್ರಿವೇಣಿ ಎಂಬ ಹುಡುಗಿ ಕೇಳಿಯೇಬಿಟ್ಟಳು.

"ನಾವ್ಯಾಕೆ ಆಡ್ಬಾರ್ದು ಮಿಸ್?"

ಆಡಿಸುವುದೆಂದು ಯಶೋಧರಾ ಆಗಲೇ ತೀರ್ಮಾನಿಸಿದರು. ಆದರೆ ಹೊತ್ತು ಎಲ್ಲಿಂದ ತರುವುದು? ಸುತ್ತಲಿನ ಹಟ್ಟಿಗಳಿಂದ ಬರುವ ಹುಡುಗಿಯರಿಗೆ ಭಾನುವಾರವೆಂದರೆ ಕುರಿಯ ಹಿಂದೆ ಹೋಗುವ, ಬಟ್ಟೆ ಒಗೆಯುವ ದಿನ. ವಾರದ ದಿನಗಳಲ್ಲಿ ನಾಲ್ಕೂವರೆಗೆ ಶಾಲೆ ಬಿಟ್ಟರೆ ಐದೂಕಾಲಿಗೆ ಬಸ್ಸು; ಅದಾದ ಮೇಲೆ ಬೇರೆ ಬಸ್ಸಿಲ್ಲ. ಆ ಮುಕ್ಕಾಲು ಗಂಟೆಯೊಳಗೆ ಹಿಡಿಸುವಂತೆ ಅವರು ಒಂದು ಆಟವನ್ನು ಕತ್ತರಿಸಿ ಹೊಲಿದರು. ಒಂದೊಂದು ಕಡೆಗೆ ಆರಾರು ಓವರು. ಯಾರೂ ಒಂದಕ್ಕಿಂತ ಹೆಚ್ಚು ಓವರ್ ಬೌಲಿಂಗ್ ಮಾಡುವಂತಿಲ್ಲ. ಹತ್ತು ಚೆಂಡು ಎದುರಿಸಿದವಳು ಔಟಾಗದಿದ್ದರೂ ಬ್ಯಾಟನ್ನು ಮುಂದಿನವಳಿಗೆ ಕೊಟ್ಟು ಬರಬೇಕು. ಎಲ್ಲರ ಕೈಗೂ ಬ್ಯಾಟು ಸಿಗಬೇಕಲ್ಲ.

ಮೂರನೆಯ ವಾರ ಪಂದ್ಯ ಬಿಗಿಯಾಗಿ, ಆಟದ ಗುಂಗಿನಲ್ಲಿ ಯಾರೂ ಗಡಿಯಾರ ನೋಡಲಿಲ್ಲ. ರಸ್ತೆಗೆ ಓಡಿ ಬರುವಷ್ಟರಲ್ಲಿ ಬಸ್ಸು ಹೋಗಿತ್ತು. ಏಳು ಹುಡುಗಿಯರನ್ನು ಕರೆದುಕೊಂಡು ಯಶೋಧರಾ ಮೂರು ಹಟ್ಟಿಗಳಿಗೆ ನಡೆದುಕೊಂಡೇ ಹೋಗಿ, ಒಬ್ಬೊಬ್ಬಳನ್ನೂ ಅವರವರ ಬಾಗಿಲಿಗೆ ಮುಟ್ಟಿಸಿದರು. ತ್ರಿವೇಣಿಯ ತಂದೆ ಜಗುಲಿಯಿಂದ ಏಳಲೂ ಇಲ್ಲ.

"ಆಟ ಕಲಿಯೋಕೆ ಕಳ್ಸಿದ್ನಾ ನಾನು? ನಾಳೆಯಿಂದ ಸ್ಕೂಲೂ ಬ್ಯಾಡ, ಏನೂ ಬ್ಯಾಡ."

ಯಶೋಧರಾ ಆ ಜಗುಲಿಯ ಕೆಳಗೆ ನಿಂತೇ ಮಾತಾಡಿದರು. "ಯಜಮಾನ್ರೆ, ತಪ್ಪು ನಂದು, ನಿಮ್ ಮಗಳದ್ದಲ್ಲ. ಇನ್ನೊಂದ್ ಸಲ ಬಸ್ ತಪ್ಪಿದ್ರೆ ನಾನೇ ಆಟ ನಿಲ್ಲಿಸ್ತೀನಿ. ಅವಳ ಓದು ನಿಲ್ಲಿಸ್ಬೇಡಿ."

ಮಾರನೆಯ ದಿನ ತ್ರಿವೇಣಿ ಬರಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಬಂದಳು. ಅಂದಿನಿಂದ ಪಂದ್ಯ ನಾಲ್ಕು ಓವರಿಗೆ ಇಳಿಯಿತು. ಮುಂದಿನ ಹನ್ನೆರಡು ವರ್ಷಗಳಲ್ಲಿ ಯಗಟಿಯಲ್ಲಿ ಒಂದು ದಿನವೂ ಬಸ್ಸು ತಪ್ಪಲಿಲ್ಲ. ಕೊನೆಯ ಹುಡುಗಿ ಹತ್ತಿ ಕಂಡಕ್ಟರ್ ಸೀಟಿ ಊದುವವರೆಗೂ ಟೀಚರು ರಸ್ತೆಯ ಪಕ್ಕದಿಂದ ಕದಲುತ್ತಿರಲಿಲ್ಲ. ದೊಡ್ಡ ಜಗತ್ತಿನಲ್ಲಿ ಇಪ್ಪತ್ತು ಓವರುಗಳ ಆಟ ಹುಟ್ಟುವುದಕ್ಕೆ ಎಷ್ಟೋ ಮೊದಲೇ ನಮ್ಮ ಸೀಮೆಯ ಮಕ್ಕಳು ನಾಲ್ಕು ಓವರುಗಳ ಆಟ ಆಡುತ್ತಿದ್ದರೆಂದು ನಾವು ಹೆಮ್ಮೆಯಿಂದ ಹೇಳಿಕೊಂಡರೆ ಯಶೋಧರಾ ಅವರು ಮುಖ ಸಿಂಡರಿಸುತ್ತಾರೆ. ಅದು ಬಸ್ಸಿನ ಟೈಮು ನೋಡಿ ಮಾಡಿದ್ದು, ಅದರಲ್ಲಿ ಹೆಚ್ಚುಗಾರಿಕೆ ಏನು ಎನ್ನುವುದು ಅವರ ವಾದ.

ತರೀಕೆರೆಗೆ ವರ್ಗವಾದಾಗ ಅವರಿಗೆ ಎದುರಾದವರು ತೀರ್ಥಪ್ಪನವರು. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಅವರು ಊರಿನ ಕ್ರಿಕೆಟ್ ಕ್ಲಬ್ಬನ್ನು ಮೂವತ್ತು ವರ್ಷ ಕೈಯಿಂದ ಖರ್ಚು ಮಾಡಿ ನಡೆಸಿದವರು, ಎರಡು ದಿನಗಳ ಪಂದ್ಯವನ್ನು ಬಿಟ್ಟು ಬೇರೆಯದನ್ನು ಆಟವೆಂದೇ ಒಪ್ಪದವರು. ಶಾಲೆಗೆ ಮೈದಾನವಿಲ್ಲದ್ದರಿಂದ ಕ್ಲಬ್ಬಿನ ಮೈದಾನ ಕೇಳಲು ಯಶೋಧರಾ ಅಂಗಡಿಗೆ ಹೋದರು.

"ಜಾಗ ಕೊಡ್ತೀನಿ ಮೇಡಮ್ಮೋರೆ, ಅದಕ್ಕೇನಂತೆ. ಆದ್ರೆ ಅದನ್ನ ಕ್ರಿಕೆಟ್ ಅಂತ ಮಾತ್ರ ಅನ್ಬೇಡಿ. ಕ್ರಿಕೆಟ್ ಅಂದ್ರೆ ಕಾಯೋದು."

"ಕಾಯೋಕೆ ಹೊತ್ತಿರೋರು ಕಾಯ್ಲಿ ಸಾವ್ಕಾರ್ರೆ. ನಿಮ್ಮ ಎರಡು ದಿನದಾಗೆ ನಮ್ಮ ಹೆಣ್ಮಕ್ಳಿಗೆ ಎಲ್ಲೈತೆ ಜಾಗ?"

ಮೈದಾನ ಸಿಕ್ಕಿತು, ಮಾತು ಮುರಿಯಿತು. ಅಂದಿನಿಂದ ಹನ್ನೆರಡು ಹದಿಮೂರು ವರ್ಷ ಇಬ್ಬರ ನಡುವೆ ಎದುರು ಸಿಕ್ಕಾಗಿನ ನಮಸ್ಕಾರದ ಹೊರತು ಇನ್ನೇನೂ ಇರಲಿಲ್ಲ. ಅಷ್ಟರಲ್ಲಿ ಚುಟುಕು ಕ್ರಿಕೆಟ್ಟು ಮನೆಮನೆಯ ಟೀವಿಯಲ್ಲಿ ಮೆರೆಯತೊಡಗಿತ್ತು. ಟೀಚರು ಹೇಳಿದ್ದೇ ಸರಿಯಾಯಿತಲ್ಲ ಎಂದು ಜನ ಅಂದಾಗ ತಮಗೆ ಒಳಗೊಳಗೇ ಖುಷಿಯಾಗುತ್ತಿತ್ತೆಂದು ಅವರೇ ಒಪ್ಪಿಕೊಂಡಿದ್ದಾರೆ.

ಆ ಖುಷಿಗೆ ಪೆಟ್ಟು ಬಿದ್ದದ್ದು ಸ್ಫೂರ್ತಿಯಿಂದ. ತರೀಕೆರೆಯ ಶಾಲೆಯಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದ, ಎಡಗೈಯಲ್ಲಿ ಬ್ಯಾಟು ಬೀಸುತ್ತಿದ್ದ ಆ ಹುಡುಗಿಯಂಥ ಆಟಗಾರ್ತಿ ಇಪ್ಪತ್ತೈದು ವರ್ಷಗಳಲ್ಲಿ ಅವರ ಕೈಗೆ ಸಿಕ್ಕಿರಲಿಲ್ಲ. ವಲಯ ತಂಡದ ಆಯ್ಕೆಗೆ ಶಿವಮೊಗ್ಗದಲ್ಲಿ ಎರಡು ದಿನದ ಪಂದ್ಯವೆಂದು ಪತ್ರ ಬಂದಾಗ, ಯಶೋಧರಾ ಎರಡು ದಿನ ರಜೆ ಹಾಕಿ ತಾವೇ ಕರೆದೊಯ್ದರು. ಮೊದಲ ಇನಿಂಗ್ಸಿನಲ್ಲಿ ಸ್ಫೂರ್ತಿ ಎರಡು ಬೌಂಡರಿ ಹೊಡೆದು ಹನ್ನೊಂದನೆಯ ಚೆಂಡಿಗೆ ಬೌಲ್ಡ್ ಆದಳು. ಮಾರನೆಯ ದಿನ ಹನ್ನೆರಡನೆಯದಕ್ಕೆ. ಎರಡೂ ಸಲ ಕಣ್ಣು ಮುಚ್ಚಿ ಬೀಸಿದಂತೆ ಬೀಸಿದ್ದಳು. ಕೈ ಚೆನ್ನಾಗಿದೆ, ಆದರೆ ನಿಲ್ಲುವುದು ಗೊತ್ತಿಲ್ಲ ಎಂದರು ಆಯ್ಕೆಗಾರರು.

ವಾಪಸು ಬರುವ ಬಸ್ಸು ಭದ್ರಾವತಿ ದಾಟಿತು. ಆಮೇಲೆ ಸ್ಫೂರ್ತಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು.

"ಹತ್ತು ಬಾಲ್ ಆದ್ಮೇಲೆ ನೀವು ಬ್ಯಾಟ್ ಕೊಡು ಅಂತಿದ್ರಲ್ಲ ಮಿಸ್. ಹನ್ನೊಂದನೇದು ಬಂತು. ಏನ್ ಮಾಡ್ಬೇಕು ಅಂತ ಗೊತ್ತಾಗ್ಲಿಲ್ಲ."

ಆ ಮಗುವಿನ ದನಿಯಲ್ಲಿ ದೂರಿರಲಿಲ್ಲ. ಇದ್ದಿದ್ದರೆ ಸಹಿಸುವುದು ಸುಲಭವಿತ್ತೆಂದು ಯಶೋಧರಾ ಹೇಳುತ್ತಾರೆ. ಎಲ್ಲರಿಗೂ ಸಿಗಲೆಂದು ಮಾಡಿದ ನಿಯಮವೇ ಒಬ್ಬಳ ಕಾಲಿಗೆ ತೊಡರಿತ್ತು. ಬಸ್ಸಿಳಿದು ಹುಡುಗಿಯನ್ನು ಮನೆಗೆ ಬಿಟ್ಟವರು ನೇರ ತೀರ್ಥಪ್ಪನವರ ಅಂಗಡಿಗೆ ನಡೆದರು. ಗಿರಾಕಿಗಳಿದ್ದರು. ಅವರು ಹೋಗಲಿ ಎಂದು ಕಾಯಲಿಲ್ಲ.

"ಸಾವ್ಕಾರ್ರೆ, ನಾನು ನಮ್ ಮಕ್ಳಿಗೆ ಅರ್ಧ ಆಟ ಕಲಿಸ್ಬಿಟ್ಟೆ. ಇನ್ನರ್ಧ ನಂಗೆ ಬರಲ್ಲ. ನೀವು ಕಲಿಸ್ಕೊಡಿ."

ಎಪ್ಪತ್ತರ ಹತ್ತಿರದ ಹಿರಿಯರು ಮೊಳೆ ತೂಗುತ್ತಿದ್ದ ಕೈಯನ್ನು ಅಲ್ಲಿಯೇ ನಿಲ್ಲಿಸಿದರು. ಚುಚ್ಚಿ ಮಾತಾಡುವರೆಂದು ಯಶೋಧರಾ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿದ್ದರು. ತೀರ್ಥಪ್ಪನವರು ಮೊದಲು ಒಂದು ಸ್ಟೂಲು ತರಿಸಿ ಕೂರಿಸಿದರು.

"ಅರ್ಧ ಅಂತ ಯಾಕಂತೀರಾ? ನೀವು ಅಷ್ಟಾದ್ರೂ ಕಲಿಸದಿದ್ರೆ ಆ ಹುಡ್ಗಿ ಬ್ಯಾಟೇ ಮುಟ್ತಿರ್ಲಿಲ್ಲ. ನನ್ನ ಕಥೆ ಕೇಳಿ. ಎರಡು ದಿನದ ಮ್ಯಾಚ್ ನಿಂತೋಗಿ ಆರು ವರ್ಷ ಆತು. ಹುಡುಗ್ರೆಲ್ಲ ಟೆನಿಸ್ ಬಾಲ್ ಟೂರ್ನಮೆಂಟಿಗೆ ಹೋಯ್ತಾರೆ, ಇಪ್ಪತ್ತೆರಡು ಜನ ಸೇರಲ್ಲ. ನಿಮ್ಮತ್ರ ಮಕ್ಳವ್ರೆ, ಹೊತ್ತಿಲ್ಲ. ನನ್ನತ್ರ ಹೊತ್ತೈತೆ, ಮಕ್ಳಿಲ್ಲ. ಭಾನುವಾರ ಕರ್ಕಂಬನ್ನಿ."

ಹೇಳಿದಷ್ಟು ಸುಲಭವಾಗಿರಲಿಲ್ಲ ಭಾನುವಾರ. ಸ್ಫೂರ್ತಿಯ ತಾಯಿ ಶಕುಂತಲಮ್ಮ ರವಿಕೆ ಹೊಲಿದು ಸಂಸಾರ ನಡೆಸುತ್ತಿದ್ದ ಹೆಂಗಸು. ಮಗಳು ಭಾನುವಾರ ಕೂತು ಹುಕ್ಕು ಹಾಕಿದರೆ ಮಾತ್ರ ಸೋಮವಾರ ಬಟ್ಟೆ ಕೊಡಲಾಗುತ್ತಿತ್ತು.

"ನಾಲ್ಕು ಓವರ್ ಆಡ್ಕಂಡ್ ಬರ್ತಾಳೆ ಅಂದ್ರೆ ಸೈ ಅಂದಿದ್ದೆ ಮಿಸ್. ದಿನಾಪೂರ್ತಿ ಅಂದ್ರೆ ನನ್ ಕೈ ಯಾರು ಹಿಡೀತಾರೆ?"

ಯಶೋಧರಾ ವಾದ ಮಾಡಲಿಲ್ಲ. ಆ ಶನಿವಾರ ಸಂಜೆ ಕನ್ನಡಕ ಹಾಕಿಕೊಂಡು ಆ ಮನೆಯ ಚಾಪೆಯ ಮೇಲೆ ಕೂತು ಹದಿನಾಲ್ಕು ರವಿಕೆಗಳಿಗೆ ಹುಕ್ಕು ಹಾಕಿದರು. ಮೊದಲ ಎರಡನ್ನು ಶಕುಂತಲಮ್ಮ ಬಿಚ್ಚಿ ಮತ್ತೆ ಹಾಕಬೇಕಾಯಿತು. ಮೂರನೆಯದರಿಂದ ಕೈ ಕುದುರಿತು. ಒಂದು ವರ್ಷದ ಉದ್ದಕ್ಕೂ, ಜ್ವರ ಬಂದ ಎರಡು ವಾರ ಬಿಟ್ಟು, ಪ್ರತಿ ಶನಿವಾರ ಇದು ನಡೆಯಿತು. ಈ ಸಂಗತಿಯನ್ನು ಯಶೋಧರಾ ಯಾರಿಗೂ ಹೇಳಿದವರಲ್ಲ. ಸಂಪುಟಕ್ಕಾಗಿ ಮಾತಾಡಿಸಲು ಹೋದಾಗ ಶಕುಂತಲಮ್ಮನವರೇ ಹೇಳಿ ಕಣ್ಣೊರೆಸಿಕೊಂಡರು.

ಮಂಡಿನೋವಿನ ತೀರ್ಥಪ್ಪನವರು ಮೈದಾನದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು. ಮೊದಲ ತಿಂಗಳು ಸ್ಫೂರ್ತಿಗೆ ರನ್ನು ಹೊಡೆಯುವುದನ್ನೇ ನಿಷೇಧಿಸಿದರು. "ಹೊಡ್ಯೋದು ನಿಂಗೆ ಬತ್ತದೆ ಕಣವ್ವ, ಅದನ್ನ ನಾನೇನ್ ಕಲಿಸ್ಲಿ? ಬಿಡೋದ್ ಕಲಿ. ಆಫ್ ಸ್ಟಂಪ್ ಆಚೆ ಬಂದದ್ದು ನಿನ್ನದಲ್ಲ, ಕೀಪರ್‌ದು." ಹುಡುಗಿ ಅತ್ತಳು, ಬೇಜಾರಾಗಿ ಒಂದು ಭಾನುವಾರ ಬರಲೇ ಇಲ್ಲ. ಆಮೇಲೆ ನಿಲ್ಲುವುದರ ರುಚಿ ಹತ್ತಿತು; ಬಿಡುವಿದ್ದ ಇನ್ನಷ್ಟು ಹುಡುಗಿಯರೂ ಭಾನುವಾರ ಬರತೊಡಗಿದರು. ಚೆಂಡು ಹಳೆಯದಾಗುವುದು, ಬೌಲಿಂಗ್ ಮಾಡುವವಳ ಭುಜ ಜೋಲುವುದು, ಬೆಳಿಗ್ಗೆ ಹುಲಿಯಂತಿದ್ದವಳು ಮಧ್ಯಾಹ್ನ ಮುದ್ದೆ ಉಂಡ ಮೇಲೆ ಬೆಕ್ಕಾಗುವುದು, ಇವೆಲ್ಲ ನಾಲ್ಕು ಓವರಿನಲ್ಲಿ ಕಾಣುವಂಥವಲ್ಲ. ಹುಡುಗಿಯರ ಜೊತೆ ಯಶೋಧರಾ ಕೂಡ ಇದನ್ನೆಲ್ಲ ಹೊಸದಾಗಿ ಕಂಡರು.

ಮುಂದಿನ ವರ್ಷದ ಆಯ್ಕೆ ಪಂದ್ಯದಲ್ಲಿ ಸ್ಫೂರ್ತಿ ಎರಡು ಗಂಟೆ ನಲವತ್ತು ನಿಮಿಷ ನಿಂತು ಮೂವತ್ತೇಳು ರನ್ ಮಾಡಿದಳು. ಅಂಥ ದೊಡ್ಡ ಮೊತ್ತವಲ್ಲ. ಆದರೆ ಅವಳ ಕಡೆಯ ಉಳಿದ ಯಾರೂ ಹತ್ತು ದಾಟಿರಲಿಲ್ಲ. ತಂಡಕ್ಕೆ ಆಯ್ಕೆಯಾಗಿ ಎರಡು ಋತು ಆಡಿದಳು. ರಾಜ್ಯ ತಂಡದ ಬಾಗಿಲು ತೆರೆಯಲಿಲ್ಲ. ಈಗ ದೈಹಿಕ ಶಿಕ್ಷಣದ ಪದವಿ ಓದುತ್ತಿದ್ದಾಳೆ. ಇತ್ತ ವಾರದ ದಿನಗಳ ನಾಲ್ಕು ಓವರಿನ ಆಟ, ಯಶೋಧರಾ ಶಿವನಿಗೆ ವರ್ಗವಾದ ಮೇಲೂ, ನಿಲ್ಲಲಿಲ್ಲ. ಭಾನುವಾರ ಬರಲಾಗದ ಮಕ್ಕಳೇ ಯಾವತ್ತೂ ಹೆಚ್ಚು. ಅವರ ಆಟವನ್ನು ಕೀಳೆಂದು ಕಾಣಲು ಯಶೋಧರಾ ಒಪ್ಪುವವರಲ್ಲ. ಮೊನ್ನೆಯ ಬೀಳ್ಕೊಡುಗೆಯ ದಿನ ಕಿರಿಯ ಶಿಕ್ಷಕ ಯೋಗಾನಂದ ಅವರು, ಕೊನೆಗೂ ಯಾವುದು ಒಳ್ಳೆಯದು ಎಂದು ಕೇಳಿದಾಗ ಅವರು ಕೊಟ್ಟ ಉತ್ತರ ಇದು:

"ಸಣ್ಣ ಆಟ ಇಲ್ದಿದ್ರೆ ನಮ್ಮ ಮಕ್ಳು ಒಳಗೇ ಬರ್ತಿರ್ಲಿಲ್ಲ. ಸಣ್ಣದೊಂದೇ ಆಗಿದ್ರೆ ಬಂದೋರು ಬೆಳೀತಿರ್ಲಿಲ್ಲ. ಇಷ್ಟು ಕಲಿಯೋಕೆ ನಂಗೆ ಇಪ್ಪತ್ತೈದು ವರ್ಷ ಹಿಡೀತು ಕಣಪ್ಪ."

ಸಭೆ ಮುಗಿದು ಹಾರ ಶಾಲುಗಳನ್ನೆಲ್ಲ ಚೀಲಕ್ಕೆ ತುಂಬುತ್ತಿದ್ದಾಗ, ಶಾಲೆಯಲ್ಲಿ ಬಿಸಿಯೂಟ ಮಾಡುವ ಮಲ್ಲಿಕಾಂಬ ಇನ್ನೂ ನಾಲ್ವರು ಹೆಂಗಸರನ್ನು ಹಿಂದಿಟ್ಟುಕೊಂಡು ಬಂದರು.

"ಹೋಗೋಕ್ ಮುಂಚೆ ನಮಗೂ ಒಂದಿನ ಆಡ್ಸಿ ಮಿಸ್. ನೋಡಿ ನೋಡಿ ಸಾಕಾಗೈತೆ."

"ಆಡ್ಸಣ. ಭಾನುವಾರ ಬೆಳಿಗ್ಗೆ ಬನ್ನಿ. ನಾನು ಅಂಪೈರ್ ಆಗ್ತೀನಿ."

"ಯಾಕೆ, ನೀವ್ ಆಡಲ್ವಾ?"

ಯಶೋಧರಾ ಕೈಯಲ್ಲಿದ್ದ ಶಾಲನ್ನು ಮಡಚಿ ಚೀಲದ ಮೇಲಿಟ್ಟರು. "ನಾನು ಯಾವತ್ತೂ ಕ್ರಿಕೆಟ್ ಆಡಿಲ್ಲ ಕಣವ್ವ. ನಾವು ಚಿಕ್ಕೋರಾಗಿದ್ದಾಗ ಆಡ್ಸೋರಿರ್ಲಿಲ್ಲ. ಆಮೇಲೆ ಆಡ್ಸೋದೇ ಆಯ್ತು."

ಜೊತೆಗೆ ವರ್ಷಗಟ್ಟಲೆ ಕೆಲಸ ಮಾಡಿದ ನಮಗಾರಿಗೂ ಇದು ತಿಳಿದಿರಲಿಲ್ಲ. ತಿಳಿಯಬೇಕೆಂದು ಯಾರೂ ಕೇಳಿಯೂ ಇರಲಿಲ್ಲ. ಮಲ್ಲಿಕಾಂಬ ಮಾತ್ರ ತಡಮಾಡಲಿಲ್ಲ. "ಹಂಗಾರೆ ಮೊದ್ಲು ನೀವೇ ಇಳೀರಿ."

ಆ ಭಾನುವಾರ ಶಿವನಿ ಶಾಲೆಯ ಅಂಗಳದಲ್ಲಿ, ಅರವತ್ತು ತುಂಬಿದ ಯಶೋಧರಾ ಅವರು ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಬ್ಯಾಟು ಹಿಡಿದು ನಿಂತರು. ಮೊದಲ ಚೆಂಡು ತಪ್ಪಿತು. ಎರಡನೆಯದು ಬ್ಯಾಟಿನ ಅಂಚಿಗೆ ತಾಗಿ ಬೇವಿನ ಮರದ ಕಡೆ ಉರುಳಿತು. ಎಲ್ಲರೂ ಓಡಿ ಓಡಿ ಎಂದು ಕೂಗಿದರು, ಅವರು ಓಡಿದರು. ಆ ತುದಿ ಮುಟ್ಟಿ, ಮಂಡಿಯ ಮೇಲೆ ಕೈಯೂರಿ, ಉಸಿರು ಸಿಗದೆ ನಗುತ್ತ ನಿಂತರು. ಸಾವಿರಾರು ಹೆಣ್ಣುಮಕ್ಕಳಿಗೆ ಆಟದ ಸರದಿ ಕೊಟ್ಟ ಈ ತಾಯಿಗೆ ತಮ್ಮ ಸರದಿ ಈಗ ಬಂದಿದೆ. ಆ ಮಂಡಿಗಳು ಗಟ್ಟಿಯಾಗಿರಲಿ, ಕಣ್ಣು ಚುರುಕಾಗಿರಲಿ, ಅವರು ಬಹುಕಾಲ ಆಡಲಿ, ಆಡಿಸಲಿ. ನಾವೆಲ್ಲ ಬೌಲಿಂಗ್ ಮಾಡಲು ಸಿದ್ಧರಿದ್ದೇವೆ.