ಕೈಯಲ್ಲಿ ತೆಪ್ಪಗೆ, ಪೆಟ್ಟಿಗೆಯಲ್ಲಿ ಗಲಾಟೆ

ಬೆಳಗಿನ ಐದು ಗಂಟೆ. ಹೊನ್ನಾವರ ಪೇಟೆಯ ಅಂಗಡಿಯೊಂದರ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ನೆಲದ ಮೇಲೆ ಕೂತ ಮಾಬ್ಲೇಶ್ವರ ನಾಯ್ಕರು ಅಂಗೈಯಗಲದ ಕಪ್ಪು ಫ್ಯಾನೊಂದನ್ನು ಬ್ಯಾಟರಿಗೆ ತಗುಲಿಸಿ ಕಿವಿಯ ಬಳಿ ಹಿಡಿದಿದ್ದಾರೆ. ಕಣ್ಣು ಮುಚ್ಚಿದೆ. ಮಾತಾಡಿಸಲು ಹೋದರೆ ಎಡಗೈ ಎತ್ತಿ ತಡೆಯುತ್ತಾರೆ.

"ಮೀನಿನ ಗಾಡಿ ಬರೂದ್ರೊಳಗೆ ಮುಗೀಬೇಕು" ಎನ್ನುತ್ತಾರೆ ಆಮೇಲೆ. "ಬಸ್ಸು ಹಾರನ್ ಹೊಡೂಕೆ ಸುರು ಮಾಡ್ತು ಅಂದ್ರೆ ಈ ಕಿವಿ ಎಂತಕ್ಕೂ ಬರೂದಿಲ್ಲ."

ಸುಟ್ಟುಹೋದ ಫ್ಯಾನು, ಮಿಕ್ಸಿ, ಪಂಪುಗಳಿಗೆ ತಾಮ್ರದ ತಂತಿ ಸುತ್ತುವುದು ಅವರ ಕಸುಬು. ಏಳನೇ ಇಯತ್ತೆಗೆ ಶಾಲೆ ಬಿಟ್ಟವರು. ಕೆಲಸಕ್ಕೆ ಕೂತು ಇಪ್ಪತ್ತೆರಡು ವರ್ಷ. ದಿನಕ್ಕೆ ನಾಲ್ಕು ಮೋಟರು, ಸೆಕೆಗಾಲದಲ್ಲಿ ಎಂಟು. ಒಮ್ಮೆ ಕರೆಂಟು ಹೊಡೆದು ಬಲಗೈಯ ಎರಡು ಬೆರಳ ತುದಿ ಸತ್ತಿದೆ. ಬೇರಿಂಗು ಸವೆದದ್ದು ಅಂದಿನಿಂದ ಬೆರಳಿಗೆ ತಿಳಿಯುವುದಿಲ್ಲ, ಕಿವಿಗೆ ತಿಳಿಯುತ್ತದೆ.

ಆ ಕಿವಿಯನ್ನು ನಂಬಿಯೇ ಎದುರು ಮಹಡಿಯ ವಿನುತಾ ಮಾಬ್ಲೇಶ್ವರರನ್ನು ಕರೆದದ್ದು. ವಿನುತಾ ಮದುವೆ ವಿಡಿಯೋ ಜೋಡಿಸುತ್ತಾರೆ. ಭಾನುವಾರ ಭಜನೆ ಧ್ವನಿಮುದ್ರಿಸುತ್ತಾರೆ. ದುಬೈಯಲ್ಲಿರುವ ನೆಂಟರು ಈ 2008ರ ಆರಂಭದಲ್ಲಿ ಅವರಿಗೊಂದು ಕಂಪ್ಯೂಟರ್ ಕಳಿಸಿದರು. ನೀರಿನಿಂದ ತಣ್ಣಗಾಗುವಂಥದ್ದು, ಸದ್ದೇ ಇಲ್ಲ ಎಂದಿದ್ದರಂತೆ. ಆದರೆ ಬಿಸಿಯಾದ ನೀರನ್ನು ತಣಿಸಲು ಲಾರಿಗಿದ್ದಂತೆ ಅದಕ್ಕೂ ಒಂದು ರೇಡಿಯೇಟರ್. ರೇಡಿಯೇಟರಿಗೆ ಗಾಳಿ ಊದಲು ಎರಡು ಫ್ಯಾನು. ಆ ಫ್ಯಾನುಗಳ ಸದ್ದಿಗೆ ಮೈಕು ತುಂಬಿಹೋಗುತ್ತದೆ.

"ನೀರು ಇದ್ದ ಮೇಲೆ ಗಾಳಿ ಎಂತಕ್ಕೆ? ಗಾಳಿನೇ ಬೇಕಾದ್ರೆ ನೀರು ಎಂತಕ್ಕೆ?" ಮಾಬ್ಲೇಶ್ವರ ಮೊದಲ ದಿನ ಕೇಳಿದ ಪ್ರಶ್ನೆ.

ವಿನುತಾ ಅವರಿಗೆ ಗೊತ್ತಿದ್ದುದು ಒಂದೇ: ಇಡಗುಂಜಿಯ ಕಡೆಯ ನೀಲಾ ಅಮ್ಮನ ಪದ್ಯ ಉಳಿಯಬೇಕು. ಗಣಪತಿಯ ಮೇಲಿನ ನೂರೆಂಟು ಷಟ್ಪದಿ. ಅಜ್ಜಿಯಿಂದ ಕೇಳಿ ಕಲಿತದ್ದು, ಯಾವ ಕಾಗದದಲ್ಲೂ ಇಲ್ಲ. ಎಪ್ಪತ್ಮೂರರ ಆಕೆಯ ದನಿ ಈಗ ಹತ್ತಿರ ಕೂತವರಿಗಷ್ಟೇ ಕೇಳುತ್ತದೆ. ಫ್ಯಾನು ನಿಲ್ಲಿಸಿ ತುಣುಕು ತುಣುಕಾಗಿ ಹೇಳಿಸೋಣವೆಂದರೆ, ಹತ್ತು ನಿಮಿಷಕ್ಕೆ ಕಂಪ್ಯೂಟರ್ ಕಾದು ತಾನೇ ಆರಿಹೋಗುತ್ತದೆ. ಆಕೆಯೂ ಒಪ್ಪುವುದಿಲ್ಲ. "ಹಿಡಿದ ಪದ್ಯ ಮಂಗಳ ಆಪಲ್ಲಿವರೆಗೆ ನಡುವೆ ಬಿಡಲಾಗ" ಎನ್ನುತ್ತಾರೆ.

ಆ ಬೆಳಿಗ್ಗೆ ಕಿವಿಗೆ ಹಿಡಿದು ನೋಡಿದ ಹನ್ನೊಂದು ಫ್ಯಾನುಗಳಲ್ಲಿ ಮಾಬ್ಲೇಶ್ವರ ಆರಿಸಿದ ಜೋಡಿ ಕೈಯಲ್ಲಿ ತಿರುಗುವುದೇ ತಿಳಿಯದಷ್ಟು ತೆಪ್ಪಗಿರುತ್ತದೆ. ಭಾನುವಾರ ರೇಡಿಯೇಟರಿಗೆ ಬಿಗಿದದ್ದೇ ತಡ, ದುಂಬಿ ಹೊಕ್ಕಂತೆ ಗುಂಯ್‌ಗುಡುತ್ತದೆ. ಮೂರನೇ ಪದ್ಯಕ್ಕೆ ವಿನುತಾ ಸಾಕೆಂದು ಕೈ ಎತ್ತುತ್ತಾರೆ. ನೀಲಾ ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಬಪ್ಪ ಭಾನುವಾರ ಒಂದ್ಸಲ ಬತ್ತೆ. ಮತ್ತೆ ಈ ಮೆಟ್ಲು ಹತ್ತಲೆ ಎನ್ನತ್ರ ಆಗ್ತಿಲ್ಲೆ" ಎನ್ನುತ್ತಾರೆ.

"ಅದೇ ಫ್ಯಾನು, ಅದೇ ಕಿವಿ" ಎಂದು ಮಾಬ್ಲೇಶ್ವರ ಎರಡು ದಿನ ತಲೆ ಕೆರೆದುಕೊಳ್ಳುತ್ತಾರೆ. ಬುಧವಾರ ಮೊದಲ ಬಸ್ಸಿಗೆ ಭಟ್ಕಳಕ್ಕೆ ಹೊರಡುವಾಗ ಅವರ ಚೀಲದಲ್ಲಿ ರೇಡಿಯೇಟರೇ ಇರುತ್ತದೆ, ಜೊತೆಗೆ ಬ್ಯಾಟರಿ.

ವಿದೇಶಿ ಸಾಮಾನಿನ ಅಂಗಡಿಯ ಜುಬೇರ್ ಸಾಹೇಬರು ಅದನ್ನು ಕಂಡು ನಗುತ್ತಾರೆ. "ಹೆಣ್ಣು ನೋಡೂಕೆ ಬರೋರು ಮಂಚ ಹೊತ್ಕಂಡು ಬತ್ತಾರಾ ನಾಯ್ಕರೇ?"

"ಮಂಚದ ಮೇಲೇ ಗೊರಕೆ ಗೊತ್ತಾಗೂದು ಸಾಹೇಬ್ರೆ. ನೀವು ಆ ಟೀವಿ ಬಂದ್ ಮಾಡಿ."

ಒಂದೊಂದೇ ಫ್ಯಾನನ್ನು ರೇಡಿಯೇಟರಿಗೆ ಒತ್ತಿ ಕೇಳುತ್ತಾರೆ. ತೆಳು ರೆಕ್ಕೆಯವು ಕೈಯಲ್ಲಿ ಸಾಧು, ರೇಡಿಯೇಟರಿನ ಜಾಲರಿಗೆ ಎದುರಾದರೆ ಚೀರುತ್ತವೆ. ಅಗಲ ರೆಕ್ಕೆಯದೊಂದು ಜೋಡಿ ಕೈಯಲ್ಲಿ ಗೊರಗೊರ ಎನ್ನುತ್ತದೆ. ಒತ್ತಿ ಹಿಡಿದರೆ ದನಿ ತಗ್ಗಿಸುತ್ತದೆ. ಸಾಹೇಬರೂ ಕಿವಿ ತಂದು ಹಚ್ಚಿ, "ಇದೆಂತ ಉಲ್ಟಾ?" ಎಂದು ಬೆರಗಾಗುತ್ತಾರೆ. ಆ ಜೋಡಿಯನ್ನು ತಂದು, ಹಳೆ ಸೈಕಲ್ ಟ್ಯೂಬು ಕತ್ತರಿಸಿ ನಡುವೆ ಮೆತ್ತೆ ಕೊಟ್ಟು, ಹನ್ನೆರಡು ವೋಲ್ಟಿನ ಬದಲು ಏಳಕ್ಕೆ ನಿಧಾನವಾಗಿ ಓಡುವಂತೆ ತಂತಿ ಬದಲಿಸುತ್ತಾರೆ. ಇನ್ನೂ ನಿಧಾನ ಮಾಡಿದರೆ ಸದ್ದೇನೋ ಕಡಿಮೆ, ಕಂಪ್ಯೂಟರ್ ಕಾದು ಪದ್ಯದ ನಡುವೆಯೇ ಆರಬಹುದು. ಎಲ್ಲಿ ನಿಲ್ಲಿಸಬೇಕೆಂದು ಹೇಳುವವರು ಯಾರೂ ಇಲ್ಲ.

ಭಾನುವಾರ ನೀಲಾ ಅಮ್ಮ ಮೆಟ್ಟಿಲಿಗೊಮ್ಮೆ ನಿಂತು ಮೇಲೆ ಬರುತ್ತಾರೆ. ಕೈಮುಗಿದು ಪದ್ಯ ಹಿಡಿಯುತ್ತಾರೆ. ಕಂಪ್ಯೂಟರಿನ ಪಕ್ಕ ಮಾಬ್ಲೇಶ್ವರ, ಪೆಟ್ಟಿಗೆಯ ಮೇಲೊಂದು ಕೈ, ತಲೆ ಬಾಗಿಸಿ. ಅರವತ್ತನೇ ಪದ್ಯದ ಹೊತ್ತಿಗೆ ಪೆಟ್ಟಿಗೆ ಬಿಸಿಯೇರುತ್ತದೆ. ಅವರ ಕೈ ಅಲುಗುವುದಿಲ್ಲ. ಒಂದೂಮುಕ್ಕಾಲು ಗಂಟೆಯ ಮೇಲೆ ಮಂಗಳ ಆಗುತ್ತದೆ. ಯಂತ್ರ ಆರಿಲ್ಲ. ವಿನುತಾ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಹಿಂದೆ ಓಡಿಸಿ ಕೇಳುತ್ತಾರೆ. "ಬಂತು ಮಾಬ್ಲೇಶಣ್ಣ. ಅಮ್ಮ ಉಸುರು ಎಳೆಯೂದೂ ಬಂತು."

ಕೈಯಲ್ಲಿ ಗದ್ದಲ ಮಾಡುವುದು ಪೆಟ್ಟಿಗೆಯಲ್ಲಿ ಏಕೆ ಸುಮ್ಮನಿರುತ್ತದೆ ಎಂದು ಕೇಳಿದರೆ ಮಾಬ್ಲೇಶ್ವರ ಕೈ ಚೆಲ್ಲುತ್ತಾರೆ. "ನಂಗೂ ಪೂರ್ತಿ ತಿಳೂದಿಲ್ಲ. ಎಂತಕ್ಕೆ ಹಾಂಗೆ ಅಂತ ಯಾರಾದ್ರೂ ಓದ್ದವ್ರು ಹೇಳ್ಬೇಕು."

ನೀಲಾ ಅಮ್ಮ ಸುಧಾರಿಸಿಕೊಂಡು, "ಪದ್ಯ ಹ್ಯಾಂಗಿತ್ತೋ ಮಾಬ್ಲಾ?" ಎನ್ನುತ್ತಾರೆ.

ಮಾಬ್ಲೇಶ್ವರ ತಬ್ಬಿಬ್ಬಾಗುತ್ತಾರೆ. "ಪದ್ಯ ನಾ ಕೇಳಲೇ ಇಲ್ಲ ಅಮ್ಮಾ. ನೀವು ಸುಮ್ನಾದಾಗ ಫ್ಯಾನಿನ ಸದ್ದು ಮಾತ್ರ ಕೇಳ್ತಿದ್ದೆ." ಸಂಕೋಚದಿಂದ ಸೇರಿಸುತ್ತಾರೆ: "ಸೀಡಿ ಆದ್ಮೇಲೆ ನಂಗೊಂದು ಸಿಕ್ರೆ ಸಾಕು. ಕಡೆಗೆ ಗಣಪತಿ ಎಂತ ಮಾಡ್ದ ಅಂತಲೇ ಗೊತ್ತಾಗ್ಲಿಲ್ಲ."